ಹುಸಿಗುಂಡಿ

ಶೆಟ್ಟಿಹಳ್ಳಿ, ತುಮಕೂರು
3 ಆಗಸ್ಟ್ 2025

ತಾತನಿಗೆ ಇಂಪನಾಳ ನಮಸ್ಕಾರ.

ಫೋನ್ ಮಾಡಿದರೆ ನಿಮ್ಮ ಕಿವಿಯ ಮೆಷಿನ್ ಕೀಂ ಎನ್ನುತ್ತದೆ. ನೀವು ಬೈಯುತ್ತೀರಿ. ಬೈಗುಳ ಮೆಷಿನ್ನಿಗೋ ನನಗೋ ತಿಳಿಯುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಊರ್ಡಿಗೆರೆಯಲ್ಲಿ ನಿಮ್ಮ ಅಕ್ಕನ, ಅಂದರೆ ನಮ್ಮ ಅಜ್ಜಿಯ ಮನೆಯಲ್ಲಿ ನೆಲದ ಮೇಲೆ ಮಲಗಿದ್ದಾಗ ನನಗೆ ಹಾವು ಕಚ್ಚಿದ ಸುದ್ದಿ ನಿಮಗೂ ಮುಟ್ಟಿರಬೇಕು. ದೊಡ್ಡದೇನಲ್ಲ. ಆಸ್ಪತ್ರೆಯಲ್ಲಿದ್ದೆ, ಬಂದೆ. ಈಗ ಗುಬ್ಬಿಯಲ್ಲಿರುವ ಅಪ್ಪನ ಮನೆಗೆ ಹೋಗದೆ ಇಲ್ಲಿ ಜಯಪ್ರಕಾಶಣ್ಣನ ಜೊತೆ ಇದ್ದೇನೆ. ಪಾಠ ಮಾಡುವ ಶಾಲೆಗೆ ಇನ್ನೂ ರಜೆ ಹಾಕಿದ್ದೇನೆ.

ಹೊತ್ತು ಕಳೆಯಲೆಂದು ಭಾನುವಾರ ಮಧ್ಯಾಹ್ನ ಮರಳೂರಿನಲ್ಲಿರುವ ಗೆಳತಿ ಮೋನಿಕಾಳ ಮನೆಯ ತಾರಸಿಗೆ ಹೋಗುತ್ತೇನೆ. ಅಲ್ಲಿ ನಾವು ನಾಲ್ಕು ಜನ ಒಂದು ಆಟ ಆಡುತ್ತೇವೆ. ಕೋಟೆ, ಕಾಡು, ಮಾಟಗಾರರು ಇರುವ ಒಂದು ಲೋಕ. ಅದರಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು ಅದರ ಬಾಯಿಂದ ಮಾತಾಡಬೇಕು. ಸಿದ್ಧಾರ್ಥ್ ಎಂಬುವನು ಕಥೆ ನಡೆಸುತ್ತಾನೆ. ಕತ್ತಿ ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನನ್ನ ಪಾತ್ರದ ಹೆಸರು ನೀಲಬ್ಬೆ. ಕೋಟೆ ಕಾಯುವವಳು. ಒಮ್ಮೆ ಸತ್ತು ವಾಪಸು ಬಂದವಳು. ಅವಳ ಹಿಂದಿನ ಕಥೆ ಬರೆದುಕೊಡದೆ ಸಿದ್ಧಾರ್ಥ್ ಆಟಕ್ಕೆ ಬಿಡುವುದಿಲ್ಲ.

“ಸತ್ತು ಬಂದೋಳು ಅಂದ್ರೆ ಸಾಲಲ್ಲ ಕಣೇ. ಬಂದ್ಮೇಲೆ ಜನ ಏನಂದ್ರು? ಮನೆಯವ್ರು ಒಳಗೆ ಕರ್ಕೊಂಡ್ರಾ? ಅದನ್ನ ಬರಿ,” ಎನ್ನುತ್ತಾನೆ.

ನೀವು ಓದದ ಪುಸ್ತಕವಿಲ್ಲ, ಮರೆತ ಸುದ್ದಿಯಿಲ್ಲ. ನಮ್ಮ ಕಡೆ ಹಾಗೆ ಬಂದವರು ಯಾರಾದರೂ ಇದ್ದರೇ?

ಇನ್ನೊಂದು ಮಾತು. ಎರಡು ತಿಂಗಳಿಂದ ನಾನು ಅಪ್ಪನ ಜೊತೆ ಮಾತಾಡುತ್ತಿಲ್ಲ. ಅಪ್ಪ ನಿಮ್ಮ ಬಳಿ ಬಂದು ಅತ್ತರೂ ನಡುವೆ ಬರಬೇಡಿ.

ನಿಮ್ಮ,
ಇಂಪನಾ

*

ಕುಣಿಗಲ್
9 ಆಗಸ್ಟ್ 2025

ಚಿರಂಜೀವಿ ಇಂಪನಾಳಿಗೆ ಮೂಡಲಗಿರಿಯಪ್ಪ ತಾತನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಓದು ಬಲ್ಲ ನಾಲ್ಕು ಜನ ತಾರಸಿಯ ಮೇಲೆ ಕೂತು ದಾಳ ಉರುಳಿಸಿ ಸಾವನ್ನು ಗೆಲ್ಲುವುದೇ! ಆಮೇಲೆ ಯೋಚಿಸಿದೆ. ಲೈಬ್ರರಿಯಲ್ಲಿ ಕೆಲಸ ಮಾಡಿದ ಅಷ್ಟು ವರ್ಷವೂ ನಾನು ಮಾಡಿದ್ದು ಇನ್ನೇನು? ಬೇರೆಯವರ ಬಾಯಿಂದ ಮಾತಾಡುವವರಿಗೆ ಬಾಗಿಲು ತೆಗೆದುಕೊಟ್ಟೆ, ಅಷ್ಟೇ. ಸಿಟ್ಟು ಇಳಿಯಿತು. ಆದರೆ ಪರದೇಶದ ಪಿಶಾಚಿಗಳನ್ನು ಸಾಲ ತರಬೇಡಿ. ನಮ್ಮಲ್ಲೇ ಬೇಕಾದಷ್ಟಿದೆ.

ಬರೆದುಕೋ. ನಾನು ಚಿಕ್ಕವನಿದ್ದಾಗ ಕುಣಿಗಲ್ ಸೀಮೆಯ ಒಂದು ಹಳ್ಳಿಯಲ್ಲಿ ಹುಚ್ಚೀರಯ್ಯ ಎಂಬುವನಿದ್ದ. ಘಟ್ಟದ ಕೆಲಸಕ್ಕೆ ಹೋಗಿ ಸತ್ತನೆಂದು ಸುದ್ದಿ ಬಂತು. ಮನೆಯವರು ಅತ್ತು, ತಿಥಿ ಮಾಡಿ, ಹೆಂಡತಿಯ ಬಳೆ ಒಡೆಸಿದರು. ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಬಿಸಿಲಲ್ಲಿ ನಡೆದು ಬಂದು ತನ್ನ ಹೊಸ್ತಿಲ ಮುಂದೆ ನಿಂತು ನೀರು ಕೇಳಿದ. ಊರೇ ಸೇರಿತು. ಯಾರೂ ನೀರು ಕೊಡಲಿಲ್ಲ. ತಿಥಿ ಉಂಡವನು ಬಾಗಿಲಿನಿಂದ ಒಳಗೆ ಬರುವಂತಿಲ್ಲ ಎಂಬುದು ಆಗಿನ ಪದ್ಧತಿ. ಹೆಂಚು ತೆಗೆಸಿ ಮೇಲಿನಿಂದ ಇಳಿಸಿಕೊಂಡರು. ಮೀಸೆ ಬಂದವನನ್ನು ಮೊರದಲ್ಲಿ ಕೂರಿಸಿ ತೊಟ್ಟಿಲ ಶಾಸ್ತ್ರ ಮಾಡಿ ಕಲ್ಲಯ್ಯ ಎಂದು ಹೆಸರಿಟ್ಟರು. ಹೆಂಡತಿಗೆ ಅವನಿಂದಲೇ ಮತ್ತೆ ತಾಳಿ ಕಟ್ಟಿಸಿದರು.

ನಾನು ಅವನನ್ನು ಮುಟ್ಟಿ ನೋಡಿದ್ದೇನೆ. ಬೆಚ್ಚಗಿದ್ದ. ಅವತ್ತಿನ ಬೆರಗು ನನಗೆ ಇನ್ನೂ ಹೋಗಿಲ್ಲ. ಆದರೆ ಅವನು ಬದುಕಿದ್ದಷ್ಟು ಕಾಲವೂ ಯಾರೂ ಅವನನ್ನು ಮದುವೆಗೆ ಕರೆಯಲಿಲ್ಲ. ಹಳೆಯ ಹೆಸರು ಹಿಡಿದು ಕೂಗಲಿಲ್ಲ. ಸಾವು ಬಿಟ್ಟು ಕಳಿಸಿದವನನ್ನು ಊರು ಬಿಡಲಿಲ್ಲ. ಸತ್ತವರು ಬರುವುದು ಕಷ್ಟವಲ್ಲ ಕೂಸೇ, ಬಾಗಿಲಲ್ಲಿ ನಿಂತವರು ಕಷ್ಟ ಮಾಡುತ್ತಾರೆ. ನಿನ್ನ ನೀಲಬ್ಬೆಗೆ ಇದು ಆಗಬಹುದು.

ಹಾವಿನ ವಿಷಯ ಕೇಳಿದ್ದೆ. ವಾಸಿಯಾಯಿತಲ್ಲ, ಬಿಡು.

ನಿನ್ನ ಅಪ್ಪ ಬಂದಿಲ್ಲ. ಬಂದರೂ ಅಳುವ ಪೈಕಿ ಅಲ್ಲ ಅವನು. ಏನು ಜಗಳ?

ಮೂಡಲಗಿರಿಯಪ್ಪ

*

ಶೆಟ್ಟಿಹಳ್ಳಿ, ತುಮಕೂರು
17 ಆಗಸ್ಟ್ 2025

ತಾತ,

ಹುಚ್ಚೀರಯ್ಯನ ಕಥೆ ಓದಿ ಹೇಳಿದೆ. ಮೋನಿಕಾ, “ಅಯ್ಯೋ, ಅದೇ ಹೆಂಡ್ತಿಗೇ ಮತ್ತೆ ತಾಳಿನಾ? ಪಾಪ, ಅವ್ಳನ್ನ ಒಂದ್ಮಾತು ಕೇಳ್ಬಾರ್ದಿತ್ತಾ!” ಎಂದು ನಕ್ಕಳು. ಸಿದ್ಧಾರ್ಥ್ ನಗಲಿಲ್ಲ. ಆಮೇಲೆ ನಾನು ಬರೆದದ್ದನ್ನು ಓದಿದೆ. ನಿಮಗೂ ಕಳಿಸುತ್ತಿದ್ದೇನೆ, ಭಾಷೆ ತಿದ್ದಿಕೊಡಿ.

“ನೀಲಬ್ಬೆಯನ್ನು ಕೊಂದದ್ದು ಕತ್ತಿಯಲ್ಲ, ವಿಷ. ಮೊದಲು ರೆಪ್ಪೆ ಬಿತ್ತು. ಆಮೇಲೆ ನಾಲಿಗೆ. ಆಮೇಲೆ ಉಸಿರು. ಕಿವಿ ಮಾತ್ರ ಉಳಿಯಿತು. ಸತ್ತವರಿಗೆ ಕೇಳಿಸುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಎಲ್ಲೋ ಒಂದು ತಟ್ಟೆ ನೆಲಕ್ಕೆ ಬಿದ್ದು ಸುತ್ತಿ ಸುತ್ತಿ ನಿಂತದ್ದು ಕೇಳಿಸಿತು. ಇಷ್ಟು ದೊಡ್ಡ ಲೋಕದಲ್ಲಿ ಇಷ್ಟೊಂದು ಸದ್ದಿದೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು. ಭಯವಾಗಲಿಲ್ಲ. ಬೆಳಕು ಕಾಣಲಿಲ್ಲ, ದೇವರು ಕಾಣಲಿಲ್ಲ. ಕತ್ತಲೆಯೊಂದು ಅವಳನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡುತ್ತಿತ್ತು.

ಅಷ್ಟರಲ್ಲಿ ಅವಳ ತಂದೆ ಬಂದ. ಅವನ ಹೆಜ್ಜೆ ಅವಳಿಗೆ ಗೊತ್ತು. ಅವನು ಅವಳ ಹೆಸರು ಕೂಗುತ್ತಾನೆ, ಕೂಗಿದರೆ ತಾನು ಏಳುತ್ತೇನೆ ಎಂದು ಅವಳು ಕಾದಳು. ಅವನು ಕೂಗಲಿಲ್ಲ. ಆಳುಗಳಿಗೆ ಗೋರಿ ತೋಡಲು ಹೇಳಿ, ಕುದುರೆ ಹತ್ತಿ ಹೊರಟುಹೋದ. ಕುದುರೆಯ ಸದ್ದು ದೂರವಾಗುವವರೆಗೂ ಅವಳು ಕೇಳಿಸಿಕೊಂಡಳು. ಆಮೇಲೆ ಯಾರೋ ಅವಳ ಎದೆಗೆ ಗಾಳಿ ತುಂಬಿದರು. ಅವಳು ಬಂದಳು. ಆದರೆ ಬಂದದ್ದು ಆ ತಂದೆಯ ಮಗಳಲ್ಲ.”

ಇದು ಆಟದ ಕಥೆ ಮಾತ್ರ. ಬೇರೆ ಅರ್ಥ ಹುಡುಕಬೇಡಿ.

ಹಾವಿನ ವಿಷಯಕ್ಕೆ ನೀವು ಬರೆದದ್ದು ಒಂದೇ ಸಾಲು. ತೆಂಗಿನಮರ ಹತ್ತುವವನು ಬಿದ್ದರೂ ಎರಡು ಪುಟ ಬರೆಯುವವರು ನೀವು.

ಇಂಪನಾ

*

ಕುಣಿಗಲ್
25 ಆಗಸ್ಟ್ 2025

ಇಂಪನಾ,

ಭಾಷೆಯಲ್ಲಿ ತಿದ್ದುವುದು ಏನೂ ಇಲ್ಲ. ನಾನು ಓದುತ್ತಾ ಎರಡು ಸಲ ಎದ್ದು ಹೋಗಿ ಬಂದೆ.

ನೀಲಬ್ಬೆ ಯಾರೆಂದು ನನಗೆ ಗೊತ್ತು. ಹೆದ್ದಾರಿ ಪಕ್ಕದ ಒಂದು ನರ್ಸಿಂಗ್ ಹೋಮ್‌ನಲ್ಲಿ ನಿನ್ನ ಕಣ್ಣಿಗೆ ಟಾರ್ಚ್ ಬಿಟ್ಟು “ಹೋಗಿದ್ದಾರೆ” ಎಂದದ್ದೂ ಗೊತ್ತು. ನಾಡಿ ನೆಟ್ಟಗೆ ಹಿಡಿಯದೆ ಒಂದು ಜೀವವನ್ನು ಆ ಕಡೆಗೆ ಬರೆದುಬಿಟ್ಟರಲ್ಲ ಎಂದು ಪತ್ರಿಕೆಗೆ ಉದ್ದನೆಯ ಪತ್ರ ಬರೆದೆ. ಅವರು ಅದನ್ನು ಕತ್ತರಿಸಿ ‘ಹಾವು ಕಡಿತ: ಎಚ್ಚರ ಇರಲಿ’ ಎಂದು ನಾಲ್ಕು ಸಾಲು ಹಾಕಿದರು. ಎಚ್ಚರ ಯಾರಿಗೆ ಇರಬೇಕಿತ್ತು?

ನಿನಗೆ ನೆನಪಿರುವುದು ಬೇಡವೆಂದು ನಾನು ಸುಮ್ಮನಿದ್ದೆ. ಮುದುಕನ ಎದೆ ಒಡೆದೀತೆಂದು ನೀನು ಸುಮ್ಮನಿದ್ದೆ. ಆದರೆ ನಿನಗೆ ಕೇಳಿಸುತ್ತಿತ್ತು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಅಪ್ಪನಿಗೂ ಗೊತ್ತಿಲ್ಲ. ಮಗಳು ಯಾಕೆ ಮುಖ ತಿರುಗಿಸುತ್ತಾಳೆ ಎಂದು ಅವನು ಯಾರನ್ನೂ ಕೇಳಿಲ್ಲ.

ನೀನು ಕೇಳಿಸಿಕೊಂಡದ್ದು ನಿಜ. ಆದರೆ ಅದು ಅರ್ಧ. ಉಳಿದರ್ಧ ನನ್ನ ಬಳಿ ಇದೆ, ನಾನು ಹೇಳುವಂತಿಲ್ಲ. ಹೇಳಬಾರದೆಂದು ಮಾತು ಕೊಟ್ಟಿದ್ದೇನೆ. ಯಾವ ಮಾತಿಗೂ ಯಾವ ಶಾಸ್ತ್ರಕ್ಕೂ ತಲೆಬಾಗದ ನಾನು ಯಾಕೆ ಕೊಟ್ಟೆ ಎಂದು ನನಗೇ ತಿಳಿಯುತ್ತಿಲ್ಲ. ಹೊಸ ರಾಗಿ ಬರಲಿ. ನೀನು ಹೊಸ ರಾಗಿ ಉಂಡ ಮೇಲೆ ನಿನ್ನ ಅಪ್ಪನೇ ಹೇಳುತ್ತಾನೆ. ಅಲ್ಲಿಯವರೆಗೆ ತಾಳು.

ತಾತ

*

ಶೆಟ್ಟಿಹಳ್ಳಿ, ತುಮಕೂರು
2 ಸೆಪ್ಟೆಂಬರ್ 2025

ತಾತ,

ರಾಗಿ ಕೊಯ್ಯುವವರೆಗೆ ಕಾಯಬೇಕೇ? ನೀವು ಹೇಳುವ ಮಾತೇ ಇದು?

ಸರಿ, ಆಟ ಬೇಡ, ನೀಲಬ್ಬೆ ಬೇಡ. ನನಗೆ ಕೇಳಿಸಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಡಾಕ್ಟರು ಹೋಗಿದ್ದಾರೆ ಅಂದರು. ಅಪ್ಪ ಊರ್ಡಿಗೆರೆಯ ಪಕ್ಕದ ಮನೆಯ ಅಂಜನಮೂರ್ತಿಗೆ ಫೋನ್ ಮಾಡಿದ. “ಅಂಜನಮೂರ್ತಿ, ಗುಂಡಿ ತೆಗೆಸ್ಬುಡು. ಹೂಂ, ತೋಟದಲ್ಲೇ. ನಾನೀಗ್ಲೇ ಬತ್ತೀನಿ.” ಅವನ ದನಿ ನಡುಗಲಿಲ್ಲ. ಲೈನ್‌ಮನ್ ಕೆಲಸದಲ್ಲಿ ಲೈನ್ ಆಫ್ ಮಾಡಿ ಕಂಬ ಹತ್ತು ಎಂದು ಹೇಳುವ ಹಾಗೆ ಹೇಳಿದ. ಅಣ್ಣ ಕಿರುಚಿದ: “ಅಪ್ಪಾ, ಎಲ್ಗೋಯ್ತಿದೀಯ? ಇವ್ಳಿನ್ನೂ ಬೆಚ್ಚಗವ್ಳೆ!” ಬೈಕ್ ಸ್ಟಾರ್ಟ್ ಆದ ಸದ್ದು. ಅಣ್ಣ ಒಬ್ಬನೇ ಆಂಬುಲೆನ್ಸ್ ಹಿಡಿದು, ದಾರಿಯುದ್ದಕ್ಕೂ ರಬ್ಬರ್ ಚೀಲ ಹಿಸುಕಿ ನನಗೆ ಉಸಿರು ಕೊಟ್ಟ. ಅವನ ಬೆರಳು ಈಗಲೂ ಮರಗಟ್ಟುತ್ತವೆ. ಅಪ್ಪ ಎಲ್ಲಿದ್ದ? ಗುಂಡಿಯ ಹತ್ತಿರ.

ಕಣ್ಣು ಬಿಟ್ಟ ಮೇಲೆ ಮೊಬೈಲ್ ನೋಡಿದೆ. ಬಂಧುಗಳ ಗ್ರೂಪಿನಲ್ಲಿ ನನ್ನ ಫೋಟೋ ಕೆಳಗೆ ಸಾಲುಸಾಲು ‘ಓಂ ಶಾಂತಿ’. ಒಬ್ಬರಂತೂ ಅಭ್ಯಾಸಬಲದಿಂದ ಕೈಮುಗಿದು ಶುಭಾಶಯದ ಹೂಗುಚ್ಛದ ಚಿತ್ರವನ್ನೂ ಹಾಕಿದ್ದರು. ನನಗೆ ನಗು ಬಂತು. ಊರವರು ನಂಬಲಿ. ಅಪ್ಪ ಹೇಗೆ ನಂಬಿದ?

ರಾಯಚೂರು ಕಡೆಯ ಒಬ್ಬ ಮೇಡಂ ನನ್ನ ಶಾಲೆಗೆ ಬರಲು ಒಪ್ಪಿದ್ದಾರೆ, ನಾನು ಅವರ ಶಾಲೆಗೆ. ಪರಸ್ಪರ ವರ್ಗಾವಣೆಯ ಅರ್ಜಿಗೆ ಹದಿನೈದನೇ ತಾರೀಖು ಸಹಿ ಹಾಕುತ್ತೇನೆ. ಒಮ್ಮೆ ಹೋದರೆ ವರ್ಷಗಟ್ಟಲೆ ಈ ಕಡೆ ಬರಲಾಗದು. ಬೇಕಾಗಿಯೂ ಇಲ್ಲ. ನಿಮ್ಮ ಬಳಿ ಉಳಿದರ್ಧ ಇದ್ದರೆ ಈಗ ಹೇಳಿ. ಇಲ್ಲವಾದರೆ ಇದು ನನ್ನ ಕೊನೆಯ ಕಾಗದ.

ಇಂಪನಾ

*

ಕುಣಿಗಲ್
5 ಸೆಪ್ಟೆಂಬರ್ 2025

ಇಂಪನಾ,

ನಾನು ಅವತ್ತು ಊರ್ಡಿಗೆರೆಯ ತೋಟದಲ್ಲಿದ್ದೆ.

ಬೆಳಿಗ್ಗೆ ಅಂಜನಮೂರ್ತಿ ಕಾರು ಕಳಿಸಿದ. ಡ್ರೈವರ್ ಬಾಗಿಲಲ್ಲೇ “ಇಂಪನಕ್ಕ ಹೋಗ್ಬುಟ್ರು” ಎಂದ. ದಾರಿಯುದ್ದಕ್ಕೂ ನಾನು ಏನೂ ಯೋಚಿಸಲಿಲ್ಲ. ಊರ ಬಾಗಿಲಲ್ಲಿ ಆಗಲೇ ಫ್ಲೆಕ್ಸ್ ಕಟ್ಟಿದ್ದರು. ನಿನ್ನ ನಗುವ ಫೋಟೋ, ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಕಟ್ಟಿಸಿದವರ ಫೋಟೋ ನಿನ್ನದಕ್ಕಿಂತ ದೊಡ್ಡದು. ಹೆಣ ಊರಿಗೆ ಬರುವ ಮೊದಲೇ ಫ್ಲೆಕ್ಸ್ ಬರುವ ಕಾಲ ಇದು. ಕಾರು ನಿಲ್ಲಿಸಿ ನಾನೇ ಹರಿದು ಹಾಕಿದೆ. ಈಗ ಅದು ಅಂಜನಮೂರ್ತಿಯ ಕೊಟ್ಟಿಗೆಗೆ ಮಳೆ ಮರೆ.

ತೋಟದಲ್ಲಿ ಚಿಕ್ಕಬೋರಯ್ಯ ಗುಂಡಿ ತೆಗೆಯುತ್ತಿದ್ದ. ಗುಂಡಿಯ ಪಕ್ಕದಲ್ಲಿ ಒಂದು ಬಾಳೆದಿಂಡು. ಅದರ ಮೇಲೆ ಮಡಿಸಿಟ್ಟ ನಿನ್ನ ಹಳದಿ ಚೂಡಿದಾರ. ಹಿಂದಿನ ದಿನ ನೀನು ತೊಟ್ಟದ್ದು. ನನ್ನ ಅಕ್ಕ, ನಿನ್ನ ಅಜ್ಜಿ ಹನುಮಕ್ಕ, ಆ ದಿಂಡನ್ನು ಕುಡುಗೋಲಿನಿಂದ ನಿನ್ನ ಎತ್ತರಕ್ಕೆ ಕತ್ತರಿಸುತ್ತಿದ್ದಳು. ನೋಡಿದ ಕೂಡಲೇ ನನಗೆ ತಿಳಿಯಿತು. ಅದು ನಿನ್ನನ್ನು ಹೂಳುವ ಗುಂಡಿಯಲ್ಲ. ಹುಸಿಗುಂಡಿ.

ನೀನು ಈ ಹೆಸರು ಕೇಳಿರಲಾರೆ. ನಮ್ಮ ಮನೆತನದಲ್ಲೇ ಕೇಳಿದವರು ಈಗ ಮೂರೋ ನಾಲ್ಕೋ ಜನ. ಒಬ್ಬರ ಉಸಿರು ಇದೆಯೋ ಇಲ್ಲವೋ ಎಂಬ ಹೊತ್ತಿನಲ್ಲಿ, ಇಲ್ಲ ಎಂದು ಗಟ್ಟಿಯಾಗುವ ಮೊದಲು, ಹೆತ್ತವರು ಸ್ವಂತ ನೆಲದಲ್ಲಿ ಗುಂಡಿ ತೆಗೆಸಬೇಕು. ಬಾಳೆದಿಂಡಿಗೆ ಅವರ ಬಟ್ಟೆ ತೊಡಿಸಿ, ಅವರ ಹೆಸರು ಹಿಡಿದು ಅತ್ತು ಹೂಳಬೇಕು. ಸಾವು ಬಂದು ನೋಡುತ್ತದೆ: ಗುಂಡಿ ಇದೆ, ಬಟ್ಟೆ ಇದೆ, ಅಳು ಇದೆ. ಕೆಲಸ ಮುಗಿಯಿತೆಂದು ಹೋಗುತ್ತದೆ. ಆದರೆ ಅಳು ನಿಜದ್ದಾಗಿರಬೇಕು. ಬದುಕಿದವರಿಗೆ ಹೊಸ ಬೆಳೆ ಉಣ್ಣುವವರೆಗೂ ಹೇಳಬಾರದು. ಹೇಳಿದರೆ ಮೋಸ ಬಯಲಾಗಿ ಸಾವು ತಿರುಗಿ ಬರುತ್ತದೆ.

ಇದನ್ನು ನಾನು ನಂಬುವುದಿಲ್ಲ. ಚಿಕ್ಕವನಿದ್ದಾಗ ಒಂದು ಕೂಸಿಗೆ ಹೀಗೆ ಮಾಡಿದ್ದನ್ನು ನೋಡಿದ್ದೇನೆ. ಕೂಸು ಉಳಿಯಲಿಲ್ಲ. ಮಾರನೆಯ ದಿನ ಪಕ್ಕದಲ್ಲೇ ಇನ್ನೊಂದು ಗುಂಡಿ ತೆಗೆದರು. ಅದಕ್ಕೇ ಮೈ ಉರಿಯಿತು. ಬೈಕಿಗೊರಗಿ ನಿಂತಿದ್ದ ನಿನ್ನ ಅಪ್ಪನನ್ನು ಕಂಡದ್ದೇ ಕೂಗಾಡಿದೆ.

“ಏನ್ಲಾ ಪುಟ್ಟರಂಗ, ನಾಚ್ಕೆ ಆಗಲ್ವಾ? ಊರಿಗೆಲ್ಲ ಕರೆಂಟ್ ಕೊಡೋ ಲೈನ್‌ಮನ್ ನೀನು. ಮಗಳನ್ನ ಅಲ್ಲಿ ಬುಟ್ಟು ಇಲ್ಲಿ ಬಾಳೆದಿಂಡು ಹೂಳಕೆ ಬಂದಿದೀಯಾ?”

ಅವನು ನನ್ನ ಮುಖ ನೋಡಲಿಲ್ಲ. “ಮಾವ, ಅಲ್ಲಿ ಜಯಪ್ರಕಾಶ ಅವ್ನೆ. ಗಾಳಿ ಹೊಡಿತಾ ಅವ್ನೆ. ಇಬ್ರು ಒಂದೇ ಬಾಗ್ಲಲ್ಲಿ ಯಾಕೆ ನಿಂತ್ಕೊಳಾದು? ಇದೊಂದು ಬಾಗ್ಲು ಖಾಲಿ ಅದೆ.”

“ಇದೆಲ್ಲ ನಂಬ್ತೀಯೇನ್ಲಾ?”

“ಗಂಗಿ ಟೈಮಲ್ಲಿ ಅವ್ವ ಹೇಳ್ತು. ನಗಾಡ್ಬುಟ್ಟೆ, ಮಾವ. ಈಗ ನಗಾಕಾಗಲ್ಲ.”

ಗಂಗಿ ಎಂದರೆ ನಿನ್ನ ಅಮ್ಮ ಚಿಕ್ಕಗಂಗಮ್ಮ. ಅವಳು ಹೋಗುವಾಗ ನೀನು ಚಿಕ್ಕವಳು. ಅವನು ಅವತ್ತು ಅಳಲಿಲ್ಲ. ಕಲ್ಲು ಮನುಷ್ಯ ಎಂದು ನಾನೇ ಅಂದಿದ್ದೆ.

ಅವನು ದಿಂಡಿಗೆ ನಿನ್ನ ಬಟ್ಟೆ ತೊಡಿಸಿದ. ತೋಳು ತೂರಿಸಲು ತೋಳಿಲ್ಲವಲ್ಲ. ಬಟ್ಟೆಯ ತೋಳುಗಳನ್ನು ಎದೆಯ ಮೇಲೆ ಮಡಿಸಿ ಬಟನ್ ಹಾಕಿದ. ಚಿಕ್ಕಬೋರಯ್ಯ ಇಳಿಸಲು ಹೋದರೆ ಬಿಡಲಿಲ್ಲ. ತಾನೇ ಎತ್ತಿಕೊಂಡು ಇಳಿದ. ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ, ತಲೆಯ ಕೆಳಗಿನಿಂದ ಕೈ ಮೆಲ್ಲಗೆ ತೆಗೆದ. ಆಮೇಲೆ ಪಕ್ಕದಲ್ಲಿ ತಾನೂ ಮಲಗಿಬಿಟ್ಟ.

ಆಮೇಲೆ ಅತ್ತ. ಆ ಅಳುವನ್ನು ನಾನು ಬರೆಯಲಾರೆ. ನನ್ನ ಕಿವಿಗೆ ಮೆಷಿನ್ ಬೇಕಾಗಲಿಲ್ಲ. ನನ್ನ ಅಂಗಾಲಿನ ಕೆಳಗಿನ ನೆಲ ನಡುಗುತ್ತಿತ್ತು. “ಇಂಪೀ, ಇಂಪೀ” ಎಂದು ದಿಂಡನ್ನು ತಬ್ಬಿ ಕೂಗಿದ. ಆಮೇಲೆ ಮೇಲೆ ನೋಡಿ, ನಮ್ಮ ಯಾರಿಗೂ ಅಲ್ಲ, ನಮ್ಮ ತಲೆಯ ಮೇಲೆ ಯಾರೋ ನಿಂತಿರುವ ಹಾಗೆ ಹೇಳಿದ: “ಇದನ್ನ ತಕೊ. ಸಾಲ್ದಾ? ನನ್ನೂ ತಕೊ. ಅವ್ಳನ್ನ ಬುಡು.”

ನಾನು ಹಿಂದೆ ತಿರುಗಿ ನೋಡಿದೆ ಕೂಸೇ. ಸುಳ್ಳು ಹೇಳುವುದಿಲ್ಲ. ಯಾರೂ ಇರಲಿಲ್ಲ. ಆದರೆ ತಿರುಗಿ ನೋಡಿದೆ.

ಹನುಮಕ್ಕ ಮೇಲಿನಿಂದ ಗದರಿದಳು: “ಎದ್ದು ಬಾರ್ಲಾ ಮ್ಯಾಲಕ್ಕೆ! ಒಂದ್ ಗುಂಡಿಗೆ ಒಂದೇ. ಲೆಕ್ಕ ಕೆಡಿಸ್ಬ್ಯಾಡ!”

ಅವನು ಏಳಲಿಲ್ಲ. ಆಗ ಗುಂಡಿಯ ಒಳಗೆ ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಚಿಕ್ಕಬೋರಯ್ಯನ ಕೈಯಿಂದ ಸನಿಕೆ ಬಿತ್ತು. ನಿನ್ನ ಅಪ್ಪ ಮಲಗಿದಲ್ಲೇ ಕಿವಿಗೆ ಹಿಡಿದ. ಜಯಪ್ರಕಾಶ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನಿನ್ನ ಕಿವಿಗೆ ಬಾಯಿಟ್ಟು “ಕೇಳಿಸ್ತಿದ್ರೆ ಕಾಲ್ಬೆರಳು ಅಲ್ಲಾಡ್ಸು” ಅಂದರಂತೆ. ನೀನು ಅಲ್ಲಾಡಿಸಿದೆಯಂತೆ.

ನಿನ್ನ ಅಪ್ಪನ ಬಾಯಿಂದ ಮಾತು ಪೂರ್ತಿ ಬರಲಿಲ್ಲ. “ಬೆಳ್ಳು... ಕಾಲ್ ಬೆಳ್ಳು...” ಎನ್ನುತ್ತಾ ಮಣ್ಣಿನ ಗೋಡೆ ಹಿಡಿದು ನಿಲ್ಲಲು ನೋಡಿದ, ಆಗಲಿಲ್ಲ. ಇಬ್ಬರು ಎಳೆದುಕೊಂಡರು. ತೋಟದಲ್ಲಿ ಅಷ್ಟು ಜನರಿದ್ದೆವು, ಒಬ್ಬರೂ ಸಂತೋಷದಿಂದ ಕೂಗಲಿಲ್ಲ. ಕೂಗಲು ಹೆದರಿಕೆ. ತೆಂಗಿನ ಗರಿಗಳೂ ಅಲ್ಲಾಡಲಿಲ್ಲ. ಚಿಕ್ಕಬೋರಯ್ಯ ಗುಂಡಿಗೆ ಕೈಮುಗಿದು ನಿಂತಿದ್ದ. ಹನುಮಕ್ಕ ಒಬ್ಬಳೇ ಪಿಸುಗುಟ್ಟಿದಳು: “ಮುಚ್ಚಿ, ಬ್ಯಾಗ ಮುಚ್ಚಿ. ಅದಕ್ಕೆ ತಿಳಿಯೋದ್ರೊಳಗೆ.”

ನಾನು, ಮೂಡಲಗಿರಿಯಪ್ಪ, ಮೌಢ್ಯದ ವಿರುದ್ಧ ಜೀವಮಾನವಿಡೀ ಪತ್ರ ಬರೆದವನು, ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣೆಳೆದೆ.

ನಿನ್ನನ್ನು ಉಳಿಸಿದ್ದು ಔಷಧ. ಉಳಿಸಿದ್ದು ಜಯಪ್ರಕಾಶನ ಬೆರಳು, ಆ ಡಾಕ್ಟರಮ್ಮನ ಬುದ್ಧಿ. ಇದನ್ನು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಆದರೆ ನೀನು ಸತ್ತೆ ಎಂದು ನಂಬಿ ನಿನ್ನ ಅಪ್ಪ ಬಿಟ್ಟುಹೋದ ಎಂದು ಮಾತ್ರ ಹೇಳಬೇಡ. ಅಷ್ಟೂ ಜನರಲ್ಲಿ ನಂಬದೆ ಇದ್ದವರು ಇಬ್ಬರೇ. ಒಬ್ಬ ಗಾಳಿ ತುಂಬಿದ. ಇನ್ನೊಬ್ಬ ಗುಂಡಿಗಿಳಿದ.

ಅವನು ನಿನಗೆ ಯಾಕೆ ಹೇಳಲಿಲ್ಲ ಎಂಬುದು ಈಗ ನಿನಗೆ ತಿಳಿಯಿತು. ನೀನು ಮುಖ ತಿರುಗಿಸಿದಷ್ಟೂ ದಿನ ಅವನು ಸಹಿಸಿದ್ದು ನಿನ್ನ ಆಯಸ್ಸಿಗಾಗಿ.

ತಾತ

*

ಕುಣಿಗಲ್
6 ಸೆಪ್ಟೆಂಬರ್ 2025

ಕೂಸೇ,

ನಿನ್ನೆಯ ಕಾಗದ ಡಬ್ಬಿಗೆ ಹಾಕಿ ಮನೆಗೆ ಬಂದೆ. ಊಟ ಸೇರಲಿಲ್ಲ. ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಹೋಗಿ “ನನ್ನದೇ ಕಾಗದ, ಕೊಟ್ಟುಬಿಡಿ” ಎಂದೆ. ಕೌಂಟರಿನ ಹುಡುಗಿ ನಕ್ಕಳು. “ಬ್ಯಾಗ್ ಹೋಯ್ತಲ್ಲ ತಾತ. ಯಾರಿಗೆ ಬೈದು ಬರ್ದಿದ್ರಿ?”

ಈ ಕಾಗದ ಮೊದಲು ಬಂದರೆ ಅದನ್ನು ಒಡೆಯಬೇಡ. ಅದು ಮೊದಲು ಬಂದಿದ್ದರೆ, ಓದಿದ್ದರೆ, ನೆಲದ ಮೇಲೆ ಮಲಗಬೇಡ. ಟಾರ್ಚ್ ಇಲ್ಲದೆ ಹಿತ್ತಿಲಿಗೆ ಹೋಗಬೇಡ. ರಸ್ತೆ ದಾಟುವಾಗ ಎರಡೂ ಕಡೆ ನೋಡು. ನಾನು ಇದನ್ನೆಲ್ಲ ನಂಬುವುದಿಲ್ಲ. ನನ್ನ ಬಗ್ಗೆ ನನಗೇ ನಗು ಬರಬೇಕು, ಬರುತ್ತಿಲ್ಲ.

ಇದೀನಿ ಎಂದು ಒಂದು ಸಾಲು ಬರೆ.

ತಾತ

*

ಗುಬ್ಬಿ
14 ಸೆಪ್ಟೆಂಬರ್ 2025

ಪ್ರೀತಿಯ ತಾತ,

ನಿಮ್ಮ ಎರಡು ಕಾಗದಗಳೂ ಒಂದೇ ದಿನ ಬಂದವು. ಯಾವುದನ್ನು ಮೊದಲು ಒಡೆದೆ ಎಂದು ಕೇಳಬೇಡಿ. ಓದಿದ ಮೇಲೆ ಅಣ್ಣನಿಗೆ ತೋರಿಸಲಿಲ್ಲ. ಗುಬ್ಬಿಯ ಬಸ್ ಹತ್ತಿದೆ. ರಸ್ತೆ ದಾಟುವಾಗ ಎರಡೂ ಕಡೆ ನೋಡಿದೆ.

ಅಪ್ಪ ಜಗಲಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿ ಹರಡಿಕೊಂಡು ಕೂತಿದ್ದ. ಬಹಳ ಸೊರಗಿದ್ದಾನೆ. ನನ್ನನ್ನು ನೋಡಿ ಏಳಲು ಹೋಗಿ, ತೊಡೆಯ ಮೇಲಿದ್ದ ಸ್ಕ್ರೂಗಳು ಚೆಲ್ಲಿ, ಅವನ್ನು ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದ.

“ಊಟ ಆಯ್ತಾ?” ಅಂದ.

“ಇಲ್ಲ.”

“ಬಸ್ಸಾರದೆ. ಉಪ್ಪು ಒಸಿ ಮುಂದಾಗದೆ.”

ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನ ಎದುರು ಕೂತ ಮೇಲೆ ತಿಳಿಯಿತು, ನನಗೆ ಗೊತ್ತಾಗಿದೆ ಎಂದರೆ ಅವನು ಸತ್ತೇಹೋಗುತ್ತಾನೆ. ನಾನು ಇನ್ನು ಎಷ್ಟು ದಿನ ಬದುಕಿದರೂ ದಿನದಿನವೂ ಬಾಗಿಲು ನೋಡುತ್ತಾ ಕೂರುತ್ತಾನೆ. ಸುಮ್ಮನೆ ಮುದ್ದೆ ಮುರಿದೆ. ಅವನು ಎದುರಿಗೆ ಕೂತು ನನ್ನ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದ. ಅನ್ನ ಉಣ್ಣುವವರನ್ನು ಯಾರೂ ಹಾಗೆ ನೋಡುವುದಿಲ್ಲ ತಾತ. ಸೂರ್ಯ ಹುಟ್ಟುವುದನ್ನು ಹಾಗೆ ನೋಡುತ್ತಾರೆ.

ಎರಡನೇ ಸಲ ಸಾರು ಬಡಿಸುತ್ತಾ ಕೇಳಿದ: “ಇಂಪೀ, ಅವತ್ತು... ಆ ನರ್ಸಿಂಗ್ ಹೋಮಲ್ಲಿ... ನಿಂಗೇನಾದ್ರೂ ಕೇಳುಸ್ತಿತ್ತಾ?”

ಅವನೂ ಊಹಿಸಿದ್ದಾನೆ. ಎಷ್ಟು ದಿನದಿಂದ ಈ ಪ್ರಶ್ನೆ ಒಳಗಿಟ್ಟುಕೊಂಡಿದ್ದನೋ.

“ಏನೂ ಇಲ್ಲ ಕಣಪ್ಪ. ನಿದ್ದೆ ಬಂದಂಗಾಯ್ತು, ಅಷ್ಟೇ. ಎದ್ದಾಗ ಅಣ್ಣ ಇದ್ದ.”

“ಮತ್ಯಾಕೆ ನನ್ ಮ್ಯಾಲೆ ಸಿಟ್ಟಾಗಿದ್ದೆ?”

“ಆಸ್ಪತ್ರೆಗೆ ಬಿಡುವಾದಾಗ ಬತ್ತಿದ್ದೆ, ಬರಿಗೈಲಿ. ಒಂದು ಎಳನೀರಾದ್ರೂ ತರ್ಬಾರ್ದಾ? ಮೂರೊತ್ತೂ ತೆಂಗಿನ ತೋಟ ಅಂತೀಯ.”

ಅವನು ನನ್ನ ಮುಖವನ್ನೇ ನೋಡಿದ. ನಾನು ತಟ್ಟೆ ನೋಡಿದೆ. ಆಮೇಲೆ ಅವನ ಹೊಟ್ಟೆಯಿಂದ ಒಂದು ನಗು ಬಂತು, ಹಳೆಯ ಪಂಪ್‌ಸೆಟ್ ಸ್ಟಾರ್ಟ್ ಆದ ಹಾಗೆ. “ಥೂ ನಿನ್ನ! ಎಳನೀರಿಗೆ ಮೂರ್ತಿಂಗ್ಳು ಮಾತ್ ಬುಟ್ಯೇನೇ? ಥೇಟ್ ನಿಮ್ಮವ್ವನೇ ಕಣೇ!” ನಕ್ಕು ನಕ್ಕು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ.

ಸುಳ್ಳು ಹೇಳಿದೆ ತಾತ. ಅವನು ನನಗಾಗಿ ಸಾವಿಗೇ ಸುಳ್ಳು ಹೇಳಿದವನು. ಹೊಸ ರಾಗಿ ಬಂದಾಗ ಅವನೇ ಹೇಳಲಿ. ಮೊದಲ ಸಲ ಕೇಳಿದವಳ ಹಾಗೆ ಕೇಳುತ್ತೇನೆ. ನೀವೂ ಬಾಯಿ ಬಿಡಬೇಡಿ. ರಾಯಚೂರಿನ ಮೇಡಂಗೆ ಬರುವುದಿಲ್ಲವೆಂದು ಹೇಳಿದ್ದೇನೆ. ಅವರು ಬೈದರು, ಬೈಯಲಿ.

ಊಟವಾದ ಮೇಲೆ ಅಪ್ಪ ಜಗಲಿಯಲ್ಲೇ, ಬಿಚ್ಚಿದ ಮಿಕ್ಸಿಯ ಪಕ್ಕದಲ್ಲಿ ಉರುಳಿಕೊಂಡ. ಮಾತಾಡುತ್ತಾ ಆಡುತ್ತಾ ನಿದ್ದೆ ಹೋದ. ಹಾಡಹಗಲು, ಬೀದಿಯಲ್ಲಿ ಆಟೋ ಓಡಾಡುತ್ತಿವೆ, ಹಾಲಿನವನು ಗಂಟೆ ಹೊಡೆಯುತ್ತಿದ್ದಾನೆ. ನಾನು ಪಕ್ಕದಲ್ಲಿ ಕೂತು ಅವನ ಎದೆ ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದೆ. ಯಾರೂ ಹಿಸುಕುತ್ತಿಲ್ಲ, ಯಾರೂ ತುಂಬುತ್ತಿಲ್ಲ. ತಾನಾಗಿ ಏಳುತ್ತದೆ, ತಾನಾಗಿ ಇಳಿಯುತ್ತದೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು.

ಬಿಸಿಲು ಜಗಲಿ ಇಳಿದಾಗ ಅವನು ದಡಕ್ಕನೆ ಕಣ್ಣು ಬಿಟ್ಟ. ಎಲ್ಲಿದ್ದೇನೆಂದು ತಿಳಿಯದವನ ಹಾಗೆ ಸುತ್ತ ತಡಕಿದ. ನನ್ನ ಮೊಣಕೈ ಸಿಕ್ಕಿತು.

“ಇನ್ನೂ ಇದೀಯಾ?” ಅಂದ.

“ಇದೀನಿ,” ಅಂದೆ.

ನಿಮ್ಮ,
ಇಂಪನಾ